ಪ್ಯಾಕೆಟ್ ಮೇಲೆ ಅಲರ್ಜಿ ಮಾಹಿತಿ: ಯಾವುದನ್ನು ಬರೆಯಲೇಬೇಕು?

ಪ್ರಶ್ನೆ (ಕಾರ್ಕಳ): ಸರ್, ನಮ್ಮದು ಸ್ವಸಹಾಯ ಸಂಘದ ಘಟಕ. ರಸಂ ಪುಡಿ, ಮಿಡಿ ಉಪ್ಪಿನಕಾಯಿ, ಗೇರುಬೀಜದ ಚಿಕ್ಕಿ, ಒಣ ಸಿಗಡಿ ಚಟ್ನಿಪುಡಿ ಮಾಡ್ತೇವೆ. ಉಡುಪಿಯ ಅಂಗಡಿಯವರು ಅಲರ್ಜಿ ಮಾಹಿತಿ ಹಾಕಿ ಅಂತಿದ್ದಾರೆ. ರಸಂ ಪುಡಿಗೂ ಬೇಕಾ? ಅದರಲ್ಲಿ ಅಂಥದ್ದೇನೂ ಇಲ್ವಲ್ಲ.

ಉತ್ತರ (ಆಹಾರ ತಂತ್ರಜ್ಞ): ಇಂಗು ಹಾಕ್ತೀರಲ್ಲ ಮೇಡಂ, ಅದರ ಡಬ್ಬಿ ತಿರುಗಿಸಿ ಓದಿ. ಅಂಗಡಿಯಲ್ಲಿ ಸಿಗುವ ಇಂಗು ಹೆಚ್ಚಾಗಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿದ್ದು. ಹಾಗಿದ್ದರೆ ನಿಮ್ಮ ರಸಂ ಪುಡಿಗೂ ಉಪ್ಪಿನಕಾಯಿಗೂ ‘ಗೋಧಿ ಇದೆ’ ಎಂದು ಬರೆಯಲೇಬೇಕು, ಚಿಟಿಕೆಯಷ್ಟೇ ಹಾಕಿದರೂ.

ಎಫ್‌ಎಸ್‌ಎಸ್‌ಎಐನ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ) 2020ರ ಲೇಬಲ್ ನಿಯಮದಲ್ಲಿ ಅಲರ್ಜಿ ತರುವ ಎಂಟು ಗುಂಪುಗಳಿವೆ: ಗ್ಲುಟನ್ ಎಂಬ ಪ್ರೋಟೀನ್ ಇರುವ ಧಾನ್ಯ (ಗೋಧಿ, ಬಾರ್ಲಿ, ಓಟ್ಸ್ ಇತ್ಯಾದಿ), ಸಿಗಡಿ-ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೇರುಬೀಜ-ಬಾದಾಮಿಯಂಥ ಬೀಜಗಳು, ಸೋಯಾ, ಕೊನೆಗೆ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ (ಗಂಧಕದ ಸಂಯುಕ್ತ). ಚಿಕ್ಕಿಗೆ ಗೇರುಬೀಜ ಬರೆಯುವುದು ಎಲ್ಲರಿಗೂ ಗೊತ್ತು, ಬೆಲ್ಲ ಮರೆತುಹೋಗುತ್ತದೆ. ತೀರಾ ಹಳದಿ ಬೆಲ್ಲಕ್ಕೆ ಬಣ್ಣ ಬರಲು ‘ಹೈಡ್ರೋಸ್’ ಎಂಬ ರಾಸಾಯನಿಕ ಹಾಕಿರಬಹುದು, ಅದರ ಸಲ್ಫೈಟ್ ಚಿಕ್ಕಿಗೂ ಬರುತ್ತದೆ. ಒಮ್ಮೆ ಚಿಕ್ಕಿಯನ್ನೇ ಲ್ಯಾಬ್‌ಗೆ ಕೊಟ್ಟು ನೋಡಿ. ತಟ್ಟೆಗೆ ತುಪ್ಪ ಸವರಿದರೆ ಹಾಲೂ ಸೇರಿತು.

ಸಾಸಿವೆ, ಎಳ್ಳು ನಮ್ಮ ಪಟ್ಟಿಯಲ್ಲಿಲ್ಲ. ಆದರೂ ಪದಾರ್ಥಗಳ ಸಾಲಿನಲ್ಲಿ ಹೆಸರು ಬಿಡಬೇಡಿ.

ಪ್ರಶ್ನೆ: ಎಲ್ಲ ಪುಡಿಗೂ ಒಂದೇ ಮಿಕ್ಸರ್ ಇರೋದು. ಪ್ರತಿ ಸಲ ಎರಡು ಮುಷ್ಟಿ ಅಕ್ಕಿ ಹಾಕಿ ತಿರುಗಿಸ್ತೇವೆ. ಸಾಲದಾ?

ಉತ್ತರ: ಸಾಲದು. ಮುಚ್ಚಳದ ರಬ್ಬರ್ ಕಿತ್ತು ನೋಡಿ, ಸಿಗಡಿ ಪುಡಿ ಅಲ್ಲೇ ಅಂಟಿಕೊಂಡಿರುತ್ತದೆ, ಬ್ಲೇಡಿನ ಬುಡದಲ್ಲೂ. ಸಿಗಡಿಯ ಅಲರ್ಜಿಗೆ ಮುಖ್ಯ ಕಾರಣವಾದ ಪ್ರೋಟೀನ್ ಹುರಿದರೂ ಹಾಳಾಗುವುದಿಲ್ಲ. ಸಿಗಡಿಗೆ ಬೇರೆ ಜಾರ್, ಬೇರೆ ಜರಡಿ ಇಡಿ. ಅದು ಆಗದಿದ್ದರೆ ರಸಂ ಪುಡಿ ಬೆಳಿಗ್ಗೆ, ಸಿಗಡಿ ದಿನದ ಕೊನೆಗೆ. ಆಮೇಲೆ ಬಿಚ್ಚಿ, ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ. ಇಷ್ಟಾದರೂ ಅನುಮಾನ ಉಳಿದರೆ ಮಾತ್ರ ‘ಸಿಗಡಿ ಇರಬಹುದು’ ಎಂದು ಹಾಕಿ. ತೊಳೆಯುವ ಕಷ್ಟ ಬೇಡವೆಂದು ಎಂಟೂ ಹೆಸರು ಗೀಚಿಬಿಡುವವರಿದ್ದಾರೆ. ಅಂಥ ಲೇಬಲ್ ನೋಡಿ ಅಲರ್ಜಿಯವರು ಏನು ತಿನ್ನಬೇಕು ಮಾರಾಯ್ರೆ?

ಇನ್ನೊಂದು: ಕನ್ನಡದಲ್ಲಿ ಮಾತ್ರ ಬರೆದರೆ ನಡೆಯದು. ಇಂಗ್ಲಿಷ್ ಅಥವಾ ಹಿಂದಿ ಇರಲೇಬೇಕು, ಜೊತೆಗೆ ಕನ್ನಡ ಹಾಕಬಹುದು.

ಪ್ರಶ್ನೆ (ಮಂಗಳೂರು): ಮರುವಾಯಿ (ಒಂದು ಬಗೆಯ ಚಿಪ್ಪುಜೀವಿ) ಉಪ್ಪಿನಕಾಯಿ ಗಾಣದ ಶೇಂಗಾ ಎಣ್ಣೆಯಲ್ಲಿ ಮಾಡ್ತೇವೆ. ಯುರೋಪಿನ ಅಂಗಡಿಯವರು ಕೇಳಿದ್ದಾರೆ. ಇದೇ ಲೇಬಲ್ ಆಗ್ತದಾ?

ಉತ್ತರ: ಆಗುವುದಿಲ್ಲ. ಮರುವಾಯಿ ಮೀನೂ ಅಲ್ಲ, ಸಿಗಡಿ ಜಾತಿಯೂ ಅಲ್ಲ, ಹಾಗಾಗಿ ನಮ್ಮ ಎಂಟರಲ್ಲಿ ಇಲ್ಲ. ಯುರೋಪಿನ ಪಟ್ಟಿಯಲ್ಲಿ 14 ಇವೆ. ಚಿಪ್ಪುಜೀವಿ, ಸಾಸಿವೆ, ಎಳ್ಳು ಮೂರೂ ಅದರಲ್ಲಿ ಬರುತ್ತವೆ. ಅಮೆರಿಕಕ್ಕೆ ಕಳಿಸುವುದಾದರೆ 2023ರ ಜನವರಿಯಿಂದ ಎಳ್ಳು ಕಡ್ಡಾಯ. ಎಣ್ಣೆಗೆ ನಮ್ಮಲ್ಲಿ ವಿನಾಯಿತಿ ಇದೆ, ಆದರೆ ಗಾಣದ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನ್ ಉಳಿದಿರುತ್ತದೆ. ಇಲ್ಲಿ ಮಾರುವ ಬಾಟಲಿಗೂ ‘ಶೇಂಗಾ’ ಎಂದು ಬರೆಯಿರಿ.