ಅಪ್‌ಡೇಟ್: ಭಾವನ ಹರ್ನಿಯಾದಲ್ಲಿ ಸಿಕ್ಕಿದ್ದು ಗರ್ಭಕೋಶವೇ

ಚಿಂತಾಮಣಿಯ ನಮ್ಮ ಭಾವನಿಗೆ ತೊಡೆಸಂದಿನ ಹರ್ನಿಯಾ ಆಪರೇಷನ್ ಮಾಡುವಾಗ ಗರ್ಭಕೋಶದಂಥದ್ದು ಸಿಕ್ಕಿತು, ಏನಿದು ಅಂತ ಕೇಳಿದ್ದೆನಲ್ಲ, ಬಯಾಪ್ಸಿ ರಿಪೋರ್ಟ್ ಬಂತು. ಗರ್ಭಕೋಶವೇ, ಪಕ್ಕದಲ್ಲಿ ಹೆಂಗಸರಿಗಿರುವಂಥ ಅಂಡನಾಳವೂ (ಫೆಲೋಪಿಯನ್ ಟ್ಯೂಬ್) ಇತ್ತು. ಕ್ರೋಮೋಸೋಮ್ 46 ಎಕ್ಸ್‌ವೈ, ಅಂದರೆ ಭಾವ ಗಂಡಸೇ. ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಮತ್ತೆ ಮತ್ತೆ ಓದಿದಳು.

ಇದು ಪರ್ಸಿಸ್ಟೆಂಟ್ ಮುಲ್ಲೇರಿಯನ್ ಡಕ್ಟ್ ಸಿಂಡ್ರೋಮ್. ಗರ್ಭಕೋಶವಾಗುವ ನಾಳ ಭ್ರೂಣದಲ್ಲಿ ಗಂಡಿಗೂ ಇರುತ್ತೆ. ವೃಷಣದ ಎಎಂಎಚ್ (ಆಂಟಿ-ಮುಲ್ಲೇರಿಯನ್ ಹಾರ್ಮೋನ್) ಅದನ್ನು ಕರಗಿಸಬೇಕು. ಆ ಹಾರ್ಮೋನೋ, ಅದನ್ನು ಗ್ರಹಿಸುವ ರಿಸೆಪ್ಟರೋ ಕೆಲಸ ಮಾಡದಿದ್ದರೆ ನಾಳ ಉಳಿದುಬಿಡುತ್ತೆ. ದೋಷದ ಜೀನ್ ಅಪ್ಪ, ಅಮ್ಮ ಇಬ್ಬರಿಂದಲೂ ಬರಬೇಕಂತೆ. ರಕ್ತಸಂಬಂಧದ ಮದುವೆಯಲ್ಲಿ ಹಾಗಾಗುವ ಸಾಧ್ಯತೆ ಹೆಚ್ಚು; ಭಾವನ ಮನೆಯಲ್ಲಿ ಸೋದರಮಾವನ ಸಂಬಂಧ, ನಮ್ಮ ಕಡೆ ಹೊಸದೇನಲ್ಲ ಬಿಡಿ.

ಚೀಲಕ್ಕೆ ಇಳಿಯದೇ ಇದ್ದ ವೃಷಣಕ್ಕೆ ಕ್ಯಾನ್ಸರ್ ಅಪಾಯ ಹೆಚ್ಚು ಅಂತ ಅದನ್ನೂ ತೆಗೆದಿದ್ದಾರೆ. ಭಾವನ ತಮ್ಮನಿಗೂ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಅವನು ಟೊಮೆಟೊ ಕೊಯ್ಲು ಮುಗೀಲಿ ಅಂತಿದ್ದಾನೆ.