ಹೈಡ್ರೋಪೋನಿಕ್ ಮೇವಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕರು ಸಾಕುವವರಿಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ 'ಹೈಡ್ರೋಪೋನಿಕ್ ಮೇವು' ಅನ್ನುವ ಕಡೆ ಪೆನ್ನು ನಿಂತುಬಿಟ್ಟಿದೆ. ಮಣ್ಣಿಲ್ಲದೆ, ಟ್ರೇಗಳಲ್ಲಿ ಕಾಳು ಹರಡಿ, ನೀರು ಚಿಮುಕಿಸಿ ಏಳೆಂಟು ದಿನದಲ್ಲಿ ಬೆಳೆಸುವ ಮೇವು ಇದು.

'ಜಲಕೃಷಿ ಮೇವು' ಅಂತ ಬರೆಯುವವರಿದ್ದಾರೆ. ಆದರೆ ಮೀನು, ಸಿಗಡಿ ಸಾಕಣೆಗೂ ಜಲಕೃಷಿ ಅನ್ನುವುದುಂಟು. 'ನೀರ್ಮೇವು' ಕಿವಿಗೆ ಇಂಪಾಗಿದೆ, ಆದರೆ ನೀರಿನ ಮೇಲೆ ತೇಲುತ್ತಾ ಬೆಳೆಯುವ ಅಜೋಲಾ ನೆನಪಾಗುತ್ತದೆ. 'ಮಣ್ಣಿಲ್ಲದ ಮೇವು' ಅಂದರೆ ಮಣ್ಣು ಕೊಡವಿ ಹಾಕಿದ ಹುಲ್ಲು ಅನ್ನಿಸುತ್ತದೆ, ಅಲ್ವಾ?

ನನ್ನ ಒಲವು 'ಮೊಳಕೆ ಮೇವು' ಕಡೆಗೆ. 1937ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಗೆರಿಕ್ ಹೈಡ್ರೋಪೋನಿಕ್ಸ್ ಅನ್ನುವ ಪದವನ್ನು ಬಳಕೆಗೆ ತಂದಾಗ ಅವರ ಮುಂದಿದ್ದದ್ದು ಗೊಬ್ಬರದ ಲವಣ ಬೆರೆಸಿದ ನೀರಿನಲ್ಲಿ ಬೆಳೆಯುವ ಟೊಮೆಟೊದಂಥ ಬೆಳೆ. ಮೇವಿನ ಟ್ರೇಗಳಿಗೆ ಸಾಮಾನ್ಯವಾಗಿ ಬರೀ ನೀರು ಚಿಮುಕಿಸಿದರೆ ಸಾಕು. ಆ ಏಳೆಂಟು ದಿನಕ್ಕೆ ಬೇಕಾದ ಬುತ್ತಿ ಕಾಳಿನೊಳಗೇ ಇರುತ್ತದೆ. ಒಂದು ಕಿಲೋ ಮೆಕ್ಕೆಜೋಳ ಐದಾರು ಕಿಲೋ ಮೇವಾಗುತ್ತದೆ ನಿಜ, ಹೆಚ್ಚಿದ ತೂಕವೆಲ್ಲ ನೀರು. ನೀರಿನಂಶ ತೆಗೆದು ತೂಗಿದರೆ ಬಿತ್ತಿದ ಕಾಳಿಗಿಂತ ಕಡಿಮೆಯೇ ಬರುತ್ತದೆ. ಸುಮ್ನೆ 'ಹಸಿರು ಮೇವು' ಅಂತ ಬರೆದರೆ, ಇದೊಂದನ್ನೇ ಹೊಟ್ಟೆ ತುಂಬ ಹಾಕಿ ಒಣಹುಲ್ಲು, ಹಿಂಡಿ ನಿಲ್ಲಿಸಿಬಿಡುತ್ತಾರೇನೋ ಅನ್ನುವ ಭಯ ನನಗಿದೆ. ಬೆಳೆಯುವ ಕರುವಿಗೆ ಅದು ಸಾಲದು.

ಆದರೂ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ. ಮೊಳಕೆ ಅಂದರೆ ಆಗತಾನೆ ಬಾಯಿಬಿಟ್ಟ ಕಾಳು. ಏಳನೇ ದಿನ ಟ್ರೇಯಲ್ಲಿರುವುದು ಗೇಣುದ್ದದ ಪೈರು! ಅಡಿಯಲ್ಲಿ ಬಿಳಿ ಬೇರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಒಂದು ಮೂಲೆ ಹಿಡಿದೆತ್ತಿದರೆ ಇಡೀ ಹಾಸು ಎದ್ದು ಬರುತ್ತದೆ. ಬೂಷ್ಟು ಹಿಡಿದಿದೆಯಾ ಅಂತ ಮೂಸಿ ನೋಡಿ, ಕೈಯಲ್ಲಿ ಬಿಡಿಸಿ, ಎಲೆ, ಕಾಳು, ಬೇರು ಎಲ್ಲವನ್ನೂ ಕರುವಿನ ಮುಂದೆ ಹಾಕಬೇಕು. ಈ ಬೇರಿನ ಹೆಣಿಗೆಗೆ 'ಹಾಸು' ಅನ್ನಲೋ, 'ಚಾಪೆ' ಅನ್ನಲೋ?

ಇನ್ನೊಂದು ತೊಡಕು 'ಕರು' ಪದದ್ದೇ. ಮೊನ್ನೆ ಹುಟ್ಟಿದ್ದೂ ಕರು, ಹಾಲು ಬಿಟ್ಟದ್ದೂ ಕರು. ಮೊದಲನೆಯದಕ್ಕೆ ಮೆಲುಕು ಹಾಕುವ ಹೊಟ್ಟೆ ಇನ್ನೂ ಬಲಿತಿರುವುದಿಲ್ಲ, ಹಾಲೇ ಅದರ ಆಹಾರ. 'ಕರುವಿಗೆ ಮೊಳಕೆ ಮೇವು ಕೊಡಿ' ಅಂತ ಬರೆದರೆ ಯಾವ ಕರು ಅಂತ ಓದುಗರು ತಿಳಿಯಬೇಕು? ಹಾಲು ಬಿಟ್ಟ ಹೆಣ್ಣಿಗೆ 'ಕಡಸು' ಇದೆ. ಗಂಡು, ಹೆಣ್ಣು ಎರಡಕ್ಕೂ ಸೇರಿ, ಹಾಲು ಬಿಟ್ಟು ಮೇವಿಗೆ ಬಾಯಿ ಹಾಕುವ ವಯಸ್ಸನ್ನು ಹೇಳುವ ಒಂದೇ ಪದ ನಿಮ್ಮ ಮನೆಮಾತಿನಲ್ಲಿದೆಯೇ? ಹಟ್ಟಿಯಲ್ಲಿ ಕೇಳಿದ ಪದವಾದರೆ ತುಂಬ ಒಳ್ಳೆಯದು, ದಯವಿಟ್ಟು ತಿಳಿಸಿ.