ಪದಚರ್ಚೆ: ಹುಕುಂ ಇದ್ದೂ ಅಕ್ರಮವಾದ ಮರಕಡಿತಕ್ಕೆ ಏನನ್ನಬೇಕು?

ಮಾನ್ಯರೇ,

ಇಂಡೊನೇಷ್ಯಾದ ಸುಮಾತ್ರಾ ದ್ವೀಪದಲ್ಲಿರುವ ರಿಯಾವು ಪ್ರಾಂತ್ಯದ ಮಳೆಕಾಡುಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಲ್ಲಿನ ಮುಖ್ಯ ಸಂಗತಿಗೇ ತಕ್ಕ ಕನ್ನಡ ಪದ ಸಿಗುತ್ತಿಲ್ಲ.

ಪೆಲಲಾವನ್ ಜಿಲ್ಲೆಯ ಮುಖ್ಯಸ್ಥರಾಗಿದ್ದ ತೆಂಕು ಅಜ್ಮುನ್ ಜಾಫರ್ (ಆ ಹುದ್ದೆಯ ಹೆಸರು ‘ಬುಪಾತಿ’, ಅಂದರೆ ನಮ್ಮ ‘ಭೂಪತಿ’ಯೇ) ಕಾಗದದ ತಿರುಳಿಗೆ ಬೇಕಾದ ಅಕೇಶಿಯಾದಂತಹ ನೆಡುತೋಪು ಬೆಳೆಸಲು 15 ಕಂಪನಿಗಳಿಗೆ ಪರವಾನಗಿ ಕೊಟ್ಟರು. ಇಂಥ ನೆಡುತೋಪು ಬರಡು ನೆಲ, ಹುಲ್ಲುಗಾವಲು ಅಥವಾ ಕುರುಚಲು ಇರುವಲ್ಲಿ ಮಾತ್ರ ಆಗಬೇಕೆಂಬ ನಿಯಮವಿದ್ದರೂ ಪರವಾನಗಿ ಸಿಕ್ಕಿದ್ದು ಸಹಜ ಮಳೆಕಾಡಿನಲ್ಲಿ; ಹಾಗಾಗಿ ನೆಡುವ ಮೊದಲೇ ಅಲ್ಲಿದ್ದ ಮರಗಳನ್ನು ಕಡಿದು ಸಾಗಿಸಲು ದಾರಿಯಾಯಿತು. 2008ರಲ್ಲಿ ನ್ಯಾಯಾಲಯ ಅವರಿಗೆ 11 ವರ್ಷಗಳ ಸೆರೆವಾಸ ವಿಧಿಸಿತು. ಕಡಿತದ ವಾರ್ಷಿಕ ಯೋಜನೆಗಳಿಗೆ ಒಪ್ಪಿಗೆ ನೀಡಿದ್ದ ಪ್ರಾಂತ್ಯದ ಗವರ್ನರ್ ರುಸ್ಲಿ ಜೈನಲ್ 2014ರಲ್ಲಿ ಶಿಕ್ಷೆಗೊಳಗಾದರು. ಅವರ ನಂತರ ಚುನಾಯಿತರಾದ ಅನ್ನಾಸ್ ಮಾಮುನ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂಧಿತರಾದರು. ತಾಳೆಎಣ್ಣೆ ತೋಟದ ಜಮೀನನ್ನು ಅರಣ್ಯದ ಪಟ್ಟಿಯಿಂದ ಬಿಡಿಸಲು ಅವರು ಲಂಚ ಪಡೆದದ್ದು ಮುಂದೆ ಸಾಬೀತಾಯಿತು.

ಇದನ್ನು ‘ಅಕ್ರಮ ಮರಕಡಿತ’ ಎಂದು ಬರೆದರೆ ಓದುಗರು ರಾತ್ರೋರಾತ್ರಿ ನಾಟಾ ಸಾಗಿಸುವ ಕಳ್ಳರನ್ನು ನೆನೆಯುತ್ತಾರೆಯೇ ಹೊರತು ಕಚೇರಿಯಲ್ಲಿ ಸಹಿ ಹಾಕಿದವರನ್ನಲ್ಲ. ‘ಅರಣ್ಯನಾಶ’ವಂತೂ ಮಾಡಿದವರನ್ನು ತೋರಿಸುವುದೇ ಇಲ್ಲ. ‘ಡಿನೋಟಿಫಿಕೇಶನ್’ ಅನ್ನಾಸ್ ಅವರ ಪ್ರಕರಣಕ್ಕೆ ಒಪ್ಪಿದರೂ ಪೆಲಲಾವನ್ ಪ್ರಕರಣಕ್ಕೆ ಒಪ್ಪದು, ಏಕೆಂದರೆ ಅಲ್ಲಿ ಕಾಡು ಬೋಳಾದ ಮೇಲೂ ಆ ನೆಲ ದಾಖಲೆಯಲ್ಲಿ ‘ಉತ್ಪಾದನಾ ಅರಣ್ಯ’ವೇ.

ನಮ್ಮ ‘ಬಗರ್ ಹುಕುಂ’ ಇದಕ್ಕೆ ಸರಿಯಾಗಿ ವಿರುದ್ಧವಾದದ್ದು. ನಮ್ಮ ರೈತನಿಗೆ ಸಾಗುವಳಿ ಇದೆ, ಹುಕುಂ ಇಲ್ಲ; ರಿಯಾವಿನ ಕಂಪನಿಗೆ ಹುಕುಂ ಇದೆ, ಆದರೆ ಅದನ್ನು ಪಡೆದ ದಾರಿಯೇ ಕೆಟ್ಟದ್ದು. (ಇಂಡೊನೇಷ್ಯಾದ ನುಡಿಯಲ್ಲಿ ‘ಹುಕುಮ್’ ಎಂದರೆ ಕಾನೂನು ಎಂದೇ ಅರ್ಥ.) ‘ಲಂಚದ ಪರವಾನಗಿ’ ಎಂಬುದು ನನಗೆ ಹತ್ತಿರವೆನಿಸಿದೆಯಾದರೂ, ಅಧಿಕಾರದಲ್ಲಿರುವವರು ತಮ್ಮವರೇ ಕಟ್ಟಿದ ಕಂಪನಿಗಳಿಗೆ ಕೊಟ್ಟ ಪರವಾನಗಿಯನ್ನು ಅದು ಒಳಗೊಳ್ಳುವುದಿಲ್ಲ.

ಮಲೆನಾಡಿನ ನಾಟಾ ವ್ಯವಹಾರ, ಪರ್ಮಿಟ್ಟು, ರಹದಾರಿಗಳನ್ನು ಬಲ್ಲವರು ಮತ್ತು ಹಳೆಯ ಕಂದಾಯ ದಾಖಲೆಗಳನ್ನು ಓದಿದವರು ಇಲ್ಲಿದ್ದೀರಿ. ಕೈಬಿಸಿ ಮಾಡಿಯೋ ನೆಂಟಸ್ತಿಕೆಯಿಂದಲೋ ಪಡೆದ ಅಪ್ಪಣೆಗೆ ಜನರ ಬಾಯಲ್ಲಿರುವ ಮಾತು ಗೊತ್ತಿದ್ದರೆ, ಅದು ಯಾವ ಸೀಮೆಯಲ್ಲಿ ಬಳಕೆಯಲ್ಲಿದೆ ಎಂಬುದರೊಂದಿಗೆ ದಯವಿಟ್ಟು ತಿಳಿಸಿ.